ಟಾಂಗಾದ ಮೂಕಿಯಿಂದ ಗಿಟಾರಿನ ಕುತ್ತಿಗೆ



ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ‘ಬದಲಿ ಸರಕು’ ಎಂಬ ಮಾತು ಓದಿದ್ದೇವೆ. ಚಹಾ ದುಬಾರಿಯಾದರೆ ಜನ ಕಾಫಿ ಕೊಳ್ಳುತ್ತಾರೆ ಎಂಬುದು ಅದಕ್ಕೆ ಕೊಡುವ ಉದಾಹರಣೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಬದಲಿಗೆ ತಂದ ವಸ್ತು ಮೊದಲಿನ ವಸ್ತುವಿನ ಕೆಲಸವನ್ನು ನಿಜವಾಗಿಯೂ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ಮುರಿದ ಗಿಟಾರಿನಿಂದ ಕಲಿತೆ. ವಾಣಿಜ್ಯ ವಿಭಾಗದ ಹುಡುಗ ಮರದ ಬಗ್ಗೆ ಬರೆಯುತ್ತಿದ್ದಾನೆ ಎಂದು ನಗಬೇಡಿ. ನಮ್ಮ ಮನೆಯ ಮಾತು ಉರ್ದು, ಆದ್ದರಿಂದ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದಾಗ ಹೈದರಾಬಾದಿನ ನನ್ನ ಮಾಮೂ ಮನೆಯಿಂದ ಒಂದು ಗಿಟಾರ್ ಬಂತು. ಅದರ ಹೊಟ್ಟೆ ಚೆನ್ನಾಗಿತ್ತು, ಕುತ್ತಿಗೆ ಮಾತ್ರ ಎರಡು ತುಂಡಾಗಿತ್ತು. ಹೊಸದು ಕೊಳ್ಳುವ ಮಾತನ್ನು ಅಬ್ಬಾ ಮುಂದೆ ಎತ್ತುವಂತಿರಲಿಲ್ಲ. ಮೈಲೂರಿನಲ್ಲಿ ನಮ್ಮದು ಚಿಕ್ಕ ಕಿರಾಣಿ ಅಂಗಡಿ. ಹಾಗಾಗಿ ಕುತ್ತಿಗೆಯನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದೆ.

ಕುತ್ತಿಗೆಯ ಕೆಲಸ ಏನು?

ಗಿಟಾರಿನ ಕುತ್ತಿಗೆ ಎಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ. ಆರು ತಂತಿಗಳು ಹಗಲೂ ರಾತ್ರಿ ಅದನ್ನು ಎಳೆಯುತ್ತಲೇ ಇರುತ್ತವೆ. ನೈಲಾನ್ ತಂತಿಯ ಗಿಟಾರಿನಲ್ಲಿ ಈ ಆರೂ ತಂತಿಗಳ ಎಳೆತ ಸೇರಿ ಸುಮಾರು 40 ಕೆ.ಜಿ. ಉಕ್ಕಿನ ತಂತಿಯಾದರೆ 70 ಕೆ.ಜಿ. ದಾಟುತ್ತದೆ. ನಮ್ಮ ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದೂವರೆ ಅಕ್ಕಿ ಚೀಲವನ್ನು ಒಂದು ಪಟ್ಟಿಗೆ ತೂಗುಹಾಕಿ ವರ್ಷಗಟ್ಟಲೆ ಬಿಟ್ಟ ಹಾಗೆ. ಪಟ್ಟಿ ಒಂದೆರಡು ಮಿಲಿಮೀಟರ್ ಬಾಗಿದರೂ ತಂತಿ ಮೇಲೆದ್ದು, ಒತ್ತುವ ಬೆರಳು ನೋಯುತ್ತದೆ, ಸ್ವರ ಕೆಡುತ್ತದೆ. ಇದಕ್ಕಾಗಿಯೇ ಉಕ್ಕಿನ ತಂತಿಯ ಗಿಟಾರುಗಳ ಕುತ್ತಿಗೆಯೊಳಗೆ ಕಬ್ಬಿಣದ ಸರಳು ಇಡುತ್ತಾರೆ. ಗಿಬ್ಸನ್ ಕಂಪನಿ 1920ರ ದಶಕದಲ್ಲಿ ಅಂಥ ಹೊಂದಿಸಬಲ್ಲ ಸರಳಿಗೆ ಪೇಟೆಂಟ್ ಪಡೆಯಿತು. ನನ್ನದು ನೈಲಾನ್ ತಂತಿಯ ಗಿಟಾರ್, ಸರಳು ಇಲ್ಲ. ಎಲ್ಲ ಭಾರವನ್ನೂ ಮರವೇ ಹೊರಬೇಕು.

ರೂಢಿಯ ಮರ, ರೂಢಿಯಲ್ಲದ ಮರ

ಪ್ರಪಂಚದಲ್ಲಿ ಕುತ್ತಿಗೆಗೆ ಹೆಚ್ಚಾಗಿ ಬಳಸುವ ಮರಗಳು ಮೂರು: ಮೇಪಲ್, ಮಹಾಗನಿ ಮತ್ತು ನೈಲಾನ್ ತಂತಿಯ ಗಿಟಾರಿಗೆ ಸ್ಪ್ಯಾನಿಷ್ ಸೀಡರ್. ಮೂರೂ ಅಮೆರಿಕ ಖಂಡಗಳ ಕಾಡಿನಿಂದ ಬಂದವು. ಕುತ್ತಿಗೆಯ ಮೇಲೆ ಅಂಟಿಸುವ ಪಟ್ಟಿಗೆ ನಮ್ಮ ಕರ್ನಾಟಕದ ಬೀಟೆಯೂ ಹೋಗುತ್ತದೆ. ಬೀಟೆ ಮತ್ತು ಶೀಶಂ ಸೇರಿದ ಆ ಇಡೀ ಮರಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿ 2ರಿಂದ ನಿಯಂತ್ರಣ ಬಂತು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ನಡುವಿನ ಕಾಲದಲ್ಲಿ ದೊಡ್ಡ ಕಂಪನಿಗಳೂ ಬದಲಿ ಮರ ಹುಡುಕಿದವು. ಅಂದರೆ ‘ಇದೇ ಮರ ಬೇಕು’ ಎಂಬುದು ಪೂರೈಕೆ ಸರಾಗವಾಗಿದ್ದ ಕಾಲದ ರೂಢಿಯೇ ಹೊರತು ಪ್ರಕೃತಿಯ ನಿಯಮವಲ್ಲ.

ಗಿಟಾರಿಗೆ ಹತ್ತಿರದ ಬಂಧುವಾದ ಅರಬರ ವಾದ್ಯದ ಹೆಸರು ‘ಊದ್’. ಅರಬಿಯಲ್ಲಿ ಊದ್ ಎಂದರೆ ಕಟ್ಟಿಗೆ ಎಂದೇ ಅರ್ಥ. ನಾವು ಹಚ್ಚುವ ಊದುಬತ್ತಿಯ ‘ಊದು’ ಕೂಡ ಅದೇ ಶಬ್ದ. ಇಂಥದೇ ಕಟ್ಟಿಗೆ ಎಂದು ಆ ಹೆಸರು ಹೇಳುವುದಿಲ್ಲ.

ವಾದ್ಯ ಮಾಡುವವರು ತಮ್ಮ ಊರಿನ ಸುತ್ತ ಸಿಕ್ಕಿದ್ದನ್ನೇ ಪರೀಕ್ಷಿಸಿ ಬಳಸಿದ್ದಾರೆ. ತಂಜಾವೂರಿನ ವೀಣೆ ಹಲಸಿನ ಮರದ್ದು. ಬೆಳಗಾವಿ ಗಡಿಗೆ ಹತ್ತಿರದ ಮಿರಜ್‌ನಲ್ಲಿ ಸಿತಾರ್ ಮತ್ತು ತಂಬೂರಿ ಮಾಡುವ ಶಿಕಲಗಾರ ಮನೆತನಗಳಿವೆ. ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಇವರ ಹಿರಿಯರು ಹತ್ತೊಂಬತ್ತನೇ ಶತಮಾನದಲ್ಲಿ ವಾದ್ಯ ತಯಾರಿಕೆಗೆ ಬಂದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಬುರುಡೆಗೆ ತುನ್ ಮರದ ಕುತ್ತಿಗೆ ಕೂಡಿಸುತ್ತಾರೆ. ಅವರ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಇಂಗ್ಲೆಂಡಿನಲ್ಲಿ ಬ್ರಯಾನ್ ಮೇ ಎಂಬ ಹುಡುಗ 1963ರಲ್ಲಿ ತನ್ನ ತಂದೆಯ ಜೊತೆ ಗಿಟಾರ್ ಮಾಡಲು ಕುಳಿತ. ಆಗ ಅವನಿಗೆ ಹದಿನಾರು ವರ್ಷ, ನಮಗಿಂತ ಚಿಕ್ಕವನು. ಹಳೆಯ ಮನೆಯೊಂದರ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಮರದಿಂದ ಕುತ್ತಿಗೆ ಕೆತ್ತಿದ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದ. ಮುಂದೆ ‘ಕ್ವೀನ್’ ತಂಡದಲ್ಲಿ ಜಗತ್ತಿಡೀ ಅದೇ ಗಿಟಾರ್ ನುಡಿಸಿದ.

ನನ್ನ ಮೊದಲ ತಪ್ಪು: ಬೇವು

ಇದನ್ನೆಲ್ಲ ಓದಿದಾಗ ನನಗೆ ಒಂದು ವಿಷಯ ಬಹಳ ಹಿಡಿಸಿತು. ಮಹಾಗನಿ, ಸ್ಪ್ಯಾನಿಷ್ ಸೀಡರ್, ತುನ್ ಮತ್ತು ನಮ್ಮ ಬೇವು, ಈ ನಾಲ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಮೂವರು ಬಂಧುಗಳು ಈ ಕೆಲಸ ಮಾಡುತ್ತಿದ್ದರೆ ನಾಲ್ಕನೆಯದು ಏಕೆ ಮಾಡಬಾರದು? 250 ರೂಪಾಯಿ ಕೊಟ್ಟು ಹೊಸದಾಗಿ ಕೊಯ್ದ ಬೇವಿನ ತುಂಡು ತಂದೆ. ನಮ್ಮ ಓಣಿಯ ಬಡಿಗ ಕಾಕಾಗೆ 300 ರೂಪಾಯಿ ಕೂಲಿ ಕೊಟ್ಟು ಕುತ್ತಿಗೆ ಮಾಡಿಸಿದೆ. ಕಾಕಾ ಆಗಲೇ ಹೇಳಿದ್ದರು: “ಹಸಿ ಕಟಗಿ ಅದ ತಮ್ಮಾ. ಇನ್ನಾ ತಾನು ಗಿಡಾನೇ ಇದ್ದೀನಿ ಅಂತ ತಿಳ್ಕೊಂಡದ.” ನಾನು ಕೇಳಲಿಲ್ಲ.

ಏಪ್ರಿಲ್‌ನಲ್ಲಿ ತಂತಿ ಕಟ್ಟಿದೆ. ಮೇ ತಿಂಗಳ ಬೀದರ್ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ. ತಿಂಗಳ ಕೊನೆಗೆ ಕುತ್ತಿಗೆ ಬಾಗಿದ್ದಷ್ಟೇ ಅಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ನಾರುಗಳ ಟೊಳ್ಳಿನೊಳಗೆ ಮತ್ತು ಅವುಗಳ ಗೋಡೆಯಲ್ಲಿ. ಟೊಳ್ಳಿನ ನೀರು ಹೋದಾಗ ಮರ ಹಗುರಾಗುತ್ತದೆ, ಆಕಾರ ಬದಲಾಗುವುದಿಲ್ಲ. ಗೋಡೆಯ ನೀರು ಹೋಗಲು ಶುರುವಾದಾಗ ಮರ ಕುಗ್ಗುತ್ತದೆ. ಉದ್ದಕ್ಕೆ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು. ಬೇವಿನಲ್ಲಿ ನಾರುಗಳು ಒಂದು ಪದರಿನಲ್ಲಿ ಒಂದು ಕಡೆಗೆ, ಇನ್ನೊಂದು ಪದರಿನಲ್ಲಿ ಇನ್ನೊಂದು ಕಡೆಗೆ ವಾಲಿರುತ್ತವೆ. ಆದ್ದರಿಂದ ಕುಗ್ಗುವಾಗ ತಿರುಚುತ್ತದೆ. ತಪ್ಪು ಬೇವಿನದಲ್ಲ. ಕುಟುಂಬದ ಹೆಸರು ನೋಡಿ ಆರಿಸಿದ್ದೂ, ಒಣಗುವ ಮೊದಲೇ ಕೆತ್ತಿಸಿದ್ದೂ ನನ್ನ ತಪ್ಪು.

ಅಬ್ಬಾ ಏನೂ ಬೈಯಲಿಲ್ಲ. “550 ರೂಪಾಯಿಗೆ ಒಂದು ಪಾಠ ಬಂತು” ಎಂದರು. ನಮಗೆ ಅದು ಚಿಕ್ಕ ಮೊತ್ತವಲ್ಲ. ಹೋದ ವೆಚ್ಚ ಹೋಯಿತು, ಅದನ್ನು ಮರಳಿ ಪಡೆಯಲು ಇನ್ನಷ್ಟು ಸುರಿಯಬಾರದು ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಮನಸ್ಸಿಗೆ ಅದನ್ನು ಹೇಳುವುದು ಮಾತ್ರ ಕಷ್ಟ.

ಅಂಗಡಿಯ ತಕ್ಕಡಿಯಲ್ಲಿ ಪರೀಕ್ಷೆ

ಎರಡನೇ ಸಲ ಹೆಸರು ಕೇಳಬಾರದು, ಅಳತೆ ಕೇಳಬೇಕು ಎಂದುಕೊಂಡೆ. ಮೂರು ಮರದ ಪಟ್ಟಿಗಳನ್ನು ಒಂದೇ ಅಳತೆಗೆ ಮಾಡಿಸಿದೆ: ಉದ್ದ 50 ಸೆಂ.ಮೀ., ಅಗಲ 3 ಸೆಂ.ಮೀ., ದಪ್ಪ 1 ಸೆಂ.ಮೀ. ಮೊದಲನೆಯದು ಒಡೆದ ಹಳೆಯ ಮನೆಯ ಕಿಟಕಿ ಚೌಕಟ್ಟಿನ ಸಾಗವಾನಿ. ಎರಡನೆಯದು ಅದೇ ಮನೆಯ ಬಾಗಿಲಿನ ಒಣ ಬೇವು. ಮೂರನೆಯದು ನಮ್ಮ ದಾದಾ ಅವರ ಟಾಂಗಾದ ಮುರಿದ ಗಾಲಿಯ ಒಂದು ಅರೆ. ಅದು ಜಾಲಿ ಮರ, ಉರ್ದುವಿನಲ್ಲಿ ಬಬೂಲ್. ರಸ್ತೆ ಬದಿಯಲ್ಲಿ ತಾನಾಗಿ ಹಬ್ಬುವ ಬಳ್ಳಾರಿ ಜಾಲಿ ಬೇರೆ. ಇದು ನಮ್ಮ ಕಪ್ಪು ಮಣ್ಣಿನ ಹೊಲದ ಬದುವಿನಲ್ಲಿ ಬೆಳೆಯುವ ಕರಿಜಾಲಿ. ಬಂಡಿಯ ಗಾಲಿ, ನೊಗ, ಕುಂಟೆ, ಕೊಡಲಿಯ ಕಾವು ಎಲ್ಲ ಇದರಿಂದಲೇ ಆಗುತ್ತಿದ್ದವು. ಇದರಿಂದ ಗಿಟಾರ್ ಮಾಡುತ್ತಾರೆಂದು ನಾನೆಲ್ಲೂ ಓದಿರಲಿಲ್ಲ.

ಮೊದಲು ಒಣಗಿದೆಯೇ ಎಂದು ನೋಡಬೇಕು. ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ನಾಲ್ಕು ವಾರವಾದರೂ ತೂಕ ಬದಲಾಗಲಿಲ್ಲ, ಅಂದರೆ ಮೂರೂ ಒಣಗಿವೆ. ತೂಕ ಹೀಗಿತ್ತು: ಸಾಗವಾನಿ 98 ಗ್ರಾಂ, ಬೇವು 112 ಗ್ರಾಂ, ಜಾಲಿ 125 ಗ್ರಾಂ.

ಆಮೇಲೆ ಬಾಗುವ ಪರೀಕ್ಷೆ. 45 ಸೆಂ.ಮೀ. ಅಂತರದಲ್ಲಿ ಎರಡು ಆಧಾರ ಇಟ್ಟು, ಮೇಲೆ ಪಟ್ಟಿ ಇಟ್ಟು, ನಡುವೆ ಚೀಲದಲ್ಲಿ ಐದೈದು ಕೆ.ಜಿ.ಯ ಎರಡು ತೂಕದ ಕಲ್ಲು ತೂಗುಹಾಕಿದೆ. ಸಾಗವಾನಿ 6 ಮಿ.ಮೀ. ಬಾಗಿತು, ಜಾಲಿ 7, ಬೇವು 8. ಅಬ್ಬಾ ಗಲ್ಲೆಯಲ್ಲಿ ಕುಳಿತೇ ನೋಡುತ್ತಿದ್ದರು. ನಾನು ಬರೆದುಕೊಳ್ಳುವಾಗ ಎದ್ದು ಬಂದು, “ಗಿರಾಕಿ ಎದುರು ಒಂದು ಸಲ ತೂಗಿದರೆ ಸಾಕು, ನಿನ್ನೆದುರು ಮೂರು ಸಲ ತೂಗಬೇಕು” ಎಂದು ತಾವೇ ಕಲ್ಲು ಕಟ್ಟಿದರು. ಪಟ್ಟಿ ಮಗುಚಿ ಹಾಕಿ ಮತ್ತೆ ಅಳೆದೆವು. ಅಂಕಿಗಳು ಬದಲಾಗಲಿಲ್ಲ.

ಈಗ ಮುಖ್ಯ ಸೂತ್ರ. ಪಟ್ಟಿಯ ಬಿಗಿತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತನ 2 × 2 × 2 = 8 ಪಟ್ಟು. ದಪ್ಪ ಶೇ. 10 ಹೆಚ್ಚಾದರೆ 1.1 × 1.1 × 1.1, ಅಂದರೆ ಸುಮಾರು 1.33 ಪಟ್ಟು. ಸಾಗವಾನಿಗೆ ಹೋಲಿಸಿದರೆ ಬೇವು ಬಾಗಿದ್ದು 8 ಭಾಗಿಸು 6, ಅದೂ 1.33. ಅಂದರೆ 20 ಮಿ.ಮೀ. ಸಾಗವಾನಿ ಮಾಡುವ ಕೆಲಸವನ್ನು 22 ಮಿ.ಮೀ. ಒಣ ಬೇವು ಮಾಡುತ್ತದೆ. ಜಾಲಿಗೆ 21 ಮಿ.ಮೀ. ಸಾಕು. ‘ದುರ್ಬಲ ಮರ’ ಎಂದು ನಾವು ದೂರ ಇಡುವ ಮರಕ್ಕೂ ಸಾಗವಾನಿಗೂ ಇರುವ ಅಂತರ ಕೇವಲ ಎರಡು ಮಿಲಿಮೀಟರ್!

ಹಾಗಾದರೆ ಸಾಗವಾನಿಯನ್ನೇ ಏಕೆ ಆರಿಸಲಿಲ್ಲ? ನನ್ನ ಹತ್ತಿರ ಇದ್ದ ಚೌಕಟ್ಟಿನಲ್ಲಿ ಮೊಳೆಯ ತೂತುಗಳಿದ್ದವು. ಒಳ್ಳೆಯ ಭಾಗ ಎಲ್ಲೂ 62 ಸೆಂ.ಮೀ. ದಾಟಲಿಲ್ಲ, ನನಗೆ 75 ಬೇಕಿತ್ತು. ನಾರು ಓರೆಯಾಗಿ ಅಂಚಿನಿಂದ ಹೊರಗೆ ಓಡಿತ್ತು. ಓರೆ ನಾರು ಇರುವಲ್ಲೇ ಕುತ್ತಿಗೆ ಸೀಳುತ್ತದೆ. ಬೇವಿನ ಬಾಗಿಲಿನದೂ ಅದೇ ಕಥೆ, ಅದರ ನಡುವೆ ಗಂಟು ಇತ್ತು. ಇಲ್ಲಿ ನನಗೆ ತಿಳಿದದ್ದು ಇಷ್ಟು: ಮರದ ಜಾತಿಗಿಂತ ಕೈಯಲ್ಲಿರುವ ತುಂಡು ಮುಖ್ಯ. ಒಳ್ಳೆಯ ಜಾತಿಯ ಕೆಟ್ಟ ತುಂಡಿಗಿಂತ ಸಾಧಾರಣ ಜಾತಿಯ ಒಳ್ಳೆಯ ತುಂಡು ಮೇಲು.

ಮೂಕಿ

ಒಳ್ಳೆಯ ತುಂಡು ನಮ್ಮ ಮನೆಯ ಮಾಳಿಗೆಯ ಮೇಲೆಯೇ ಇತ್ತು. ಕುದುರೆಯ ಎರಡೂ ಬದಿಗೆ ಬರುವ ಟಾಂಗಾದ ಉದ್ದನೆಯ ಮರಗಳನ್ನು ಮೂಕಿ ಎನ್ನುತ್ತಾರೆ. ದಾದಾ ಬೀದರ್ ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಬಂದ ಮೇಲೆ ಕುದುರೆ ಮಾರಿದರು, ಟಾಂಗಾ ಮುರಿದು ಹೋಯಿತು. ಎರಡು ಮೂಕಿಗಳನ್ನು ಮಾತ್ರ ದಾದಿ ಉಳಿಸಿಕೊಂಡು ಬಟ್ಟೆ ಒಣಹಾಕಲು ಕಟ್ಟಿಸಿದ್ದರು. ಬಡಿಗ ಕಾಕಾ ಉಗುರಿನಿಂದ ಗೀರಿ, ತಟ್ಟಿ ನೋಡಿ, ಗಾಲಿಯ ಅರೆಯಂತೆ ಇದೂ ಜಾಲಿಯೇ ಎಂದರು. ಒಂದು ಮೂಕಿಗೆ ಗೆದ್ದಲು ಹತ್ತಿತ್ತು. ಇನ್ನೊಂದರ ಒಂದು ತುದಿಯಲ್ಲಿ ಬೋಲ್ಟಿನ ತೂತುಗಳಿದ್ದವು. ಮತ್ತೊಂದು ತುದಿ ನೇರವಾಗಿತ್ತು. ಅಲ್ಲಿ ನಾರು ಗೆರೆ ಎಳೆದ ಹಾಗೆ ಸಾಗಿತ್ತು.

ಆ ತುದಿಯಲ್ಲೇ ಒಂದು ಗೇಣು ಜಾಗ ನುಣುಪಾಗಿ ಹೊಳೆಯುತ್ತಿತ್ತು. ಕುದುರೆ ಕಟ್ಟುವಾಗ, ಬಿಚ್ಚುವಾಗ ದಾದಾ ಹಿಡಿಯುತ್ತಿದ್ದ ಜಾಗ ಅದು. ನಾನು ಅವರನ್ನು ನೋಡಿಲ್ಲ.

ದಾದಿಯನ್ನು ಕೇಳಲು ನನಗೆ ಹದಿನೈದು ದಿನ ಬೇಕಾಯಿತು. ಕೇಳಿದಾಗ ಅವರು ಮೊದಲು ಕೇಳಿದ್ದು, ಬಾಜಾ ಹಿಡಿದುಕೊಂಡು ನಮಾಜು, ಓದು ಎರಡನ್ನೂ ಬಿಡುವುದಿಲ್ಲ ತಾನೆ ಎಂದು. ಬಿಡುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕಾಟ್ ಲೇ. ಮಗರ್ ಏಕೀಚ್ ಬಾರ್ ಕಾಟ್.” ಕೊಯ್ದುಕೋ, ಆದರೆ ಒಂದೇ ಸಲ ಕೊಯ್ಯಿ. ಮೊದಲನೆಯದು ಕೆಟ್ಟಿತೆಂದು ಎರಡನೆಯ ತುಂಡಿಗೆ ಬರಬೇಡ ಎಂದು ಅದರ ಅರ್ಥ.

ತೂತಿರುವ ತುದಿ ತೆಗೆದುಕೊಂಡರೆ ದಾದಾ ಅವರ ಕೈಗುರುತು ಉಳಿಯುತ್ತಿತ್ತು, ಕುತ್ತಿಗೆ ಉಳಿಯುವ ಭರವಸೆ ಇರಲಿಲ್ಲ. ನೇರ ತುದಿ ತೆಗೆದುಕೊಂಡರೆ ರಂದಾ ಹೊಡೆಯುವಾಗ ಆ ಗುರುತು ಹೋಗುತ್ತದೆ. ನಾನು ದಾದಿಗೆ ಎರಡನ್ನೂ ವಿವರಿಸಿದೆ. “ಗಟ್ಟಿ ಇರುವುದನ್ನೇ ತಗೋ” ಎಂದರು. ಕೊಯ್ದದ್ದು ಕಾಕಾ ಅಲ್ಲ, ನಾನೇ. ಜಾಲಿ ಎಷ್ಟು ಗಟ್ಟಿ ಎಂದರೆ ಗರಗಸ ಎರಡು ಸಲ ಚೂಪು ಮಾಡಬೇಕಾಯಿತು. ಆದರೆ ರಂದಾ ಮೂರು ಸಲ ಹೋಗಿ ಬಂದದ್ದೇ ಆ ಹೊಳಪು ಹೋಯಿತು. ಅದು ಇಷ್ಟು ಬೇಗ ಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಮಾಡಿದ ರೀತಿ

ಮಾಡಬಯಸುವವರಿಗಾಗಿ ಕ್ರಮವನ್ನು ಬರೆಯುತ್ತೇನೆ. ತುಂಡನ್ನು ಉದ್ದಕ್ಕೆ ಎರಡಾಗಿ ಸೀಳಿದೆವು. ಒಂದು ಅರ್ಧವನ್ನು ತಲೆಕೆಳಗು ಮಾಡಿ ಮತ್ತೆ ಅಂಟಿಸಿದೆವು. ಹೀಗೆ ಮಾಡಿದರೆ ಒಂದು ಅರ್ಧ ಎಡಕ್ಕೆ ತಿರುಚಲು ಹೋದಾಗ ಇನ್ನೊಂದು ಬಲಕ್ಕೆ ಎಳೆಯುತ್ತದೆ, ಕುತ್ತಿಗೆ ನೇರ ನಿಲ್ಲುತ್ತದೆ. ತಂತಿ ತಿರುಗಿಸುವ ತಲೆಭಾಗವನ್ನು ಓರೆಯಾಗಿ ಕೊಯ್ದು ಅಂಟಿಸಿದೆವು. ಬೆರಳು ಒತ್ತುವ ಮೇಲಿನ ಪಟ್ಟಿ ಹಳೆಯದೇ. ಮುರಿದ ಕುತ್ತಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಬಿಸಿ ಮಾಡಿದಾಗ ಅಂಟು ಸಡಿಲಾಗಿ ಪಟ್ಟಿ ಬಿಟ್ಟಿತು. ಅದನ್ನು ಕೂಡಿಸುವಾಗ ಒಂದು ನಿಯಮ ಮರೆಯಬಾರದು: ಹನ್ನೆರಡನೇ ಫ್ರೆಟ್ ತಂತಿಯ ಉದ್ದದ ಸರಿ ಅರ್ಧದಲ್ಲಿ ಬರಬೇಕು. ನನ್ನದರಲ್ಲಿ ತಂತಿಯ ಉದ್ದ 65 ಸೆಂ.ಮೀ., ಅರ್ಧ 32.5. ಇಲ್ಲಿ ತಪ್ಪಿದರೆ ಮರ ಎಷ್ಟೇ ಒಳ್ಳೆಯದಿದ್ದರೂ ಎಲ್ಲ ಸ್ವರವೂ ಬೇಸುರು.

ವೆಚ್ಚ: ತಂತಿ 350, ಅಂಟು 90, ಸ್ಯಾಂಡ್‌ಪೇಪರ್ 60, ಕೂಲಿ 400. ಒಟ್ಟು 900 ರೂಪಾಯಿ. ಇದನ್ನು ನಾನು ಸಂಜೆ ಅಂಗಡಿಯಲ್ಲಿ ಕುಳಿತದ್ದಕ್ಕೆ ಅಬ್ಬಾ ಕೊಟ್ಟ ಹಣದಿಂದ ಭರಿಸಿದೆ.

ಫಲಿತಾಂಶ

ಜನವರಿಯಲ್ಲಿ ತಂತಿ ಕಟ್ಟಿದೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್‌ನಲ್ಲಿ ಎಷ್ಟು ಸಂದಿ ಇದೆ ಎಂದು ನೋಡಿದರೆ ಕುತ್ತಿಗೆ ಎಷ್ಟು ಬಾಗಿದೆ ಎಂದು ತಿಳಿಯುತ್ತದೆ. ಆಗ ಒಂದು ಪೋಸ್ಟ್‌ಕಾರ್ಡ್ ಹೋಗುವಷ್ಟು ಸಂದಿ ಇತ್ತು, ಅಷ್ಟು ಬೇಕಾದದ್ದೇ. ಮೇ ಬಿಸಿಲು ಕಳೆಯಿತು, ಈಗ ಜುಲೈ ಮಳೆ. ಇಂದಿಗೂ ಒಂದೇ ಪೋಸ್ಟ್‌ಕಾರ್ಡ್ ಹೋಗುತ್ತದೆ, ಎರಡು ಹೋಗುವುದಿಲ್ಲ.

ದೋಷವೂ ಇದೆ, ಹೇಳಬೇಕು. ಜಾಲಿ ಭಾರ. ಕೈಬಿಟ್ಟರೆ ಕುತ್ತಿಗೆ ನೆಲದ ಕಡೆ ವಾಲುತ್ತದೆ, ಎಡಗೈ ಬೇಗ ದಣಿಯುತ್ತದೆ. ಕೆತ್ತಲು ಸಾಗವಾನಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ನನಗೆ ಸಾಗವಾನಿಯ ಒಳ್ಳೆಯ ತುಂಡು ಸಿಕ್ಕಿದ್ದರೆ ಅದನ್ನೇ ಆರಿಸುತ್ತಿದ್ದೆ.

ಈ ಲೆಕ್ಕವನ್ನು ನಮ್ಮ ಅಕೌಂಟೆನ್ಸಿ ಉಪನ್ಯಾಸಕರಿಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: “ಮರದ ಬೆಲೆ ಎಲ್ಲಿ ಬರೆದಿಲ್ಲವಲ್ಲ?” ಆ ಟಾಂಗಾಕ್ಕೆ ಸವಕಳಿ ಕಳೆಯುತ್ತ ಬಂದರೆ ಪುಸ್ತಕದ ಬೆಲೆ ಎಂದೋ ಶೂನ್ಯವಾಗಿದೆ ಎಂದೆ. ಅವರು ನಕ್ಕು, ಹಣದಲ್ಲಿ ಅಳೆಯಲಾಗದ್ದನ್ನು ಲೆಕ್ಕಪುಸ್ತಕದಲ್ಲಿ ಬರೆಯುವುದಿಲ್ಲ ಎಂಬ ಪಾಠವನ್ನು ನೆನಪಿಸಿ, “ಹಾಗಾದರೆ ಅದನ್ನು ಕಾಲೇಜಿನ ಪತ್ರಿಕೆಗೆ ಬರೆ” ಎಂದರು. ಅದಕ್ಕೇ ಈ ಲೇಖನ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಳೆಯ ನೊಗವೋ, ಬಾಗಿಲೋ, ಮಂಚದ ಕಾಲೋ ಇರಬಹುದು. ಒಲೆಗೆ ಹಾಕುವ ಮೊದಲು ನಾಲ್ಕು ವಾರ ತೂಗಿ, ಭಾರ ಇಟ್ಟು ಬಾಗಿಸಿ ನೋಡಿ, ನಾರು ನೇರವಿದೆಯೇ ನೋಡಿ. ಮನೆಯ ಹಿರಿಯರನ್ನು ಕೇಳಿದ ಮೇಲೆಯೇ ಗರಗಸ ಹಿಡಿಯಿರಿ. ಉಳಿದ ಮೂಕಿ ಈಗಲೂ ನಮ್ಮ ಮಾಳಿಗೆಯಲ್ಲಿದೆ, ಮೊದಲಿಗಿಂತ 75 ಸೆಂ.ಮೀ. ಗಿಡ್ಡ. ದಾದಿ ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ, ಕೆಳಗೆ ನಾನು ಅಭ್ಯಾಸ ಮಾಡುವಾಗ ಸ್ವರ ತಪ್ಪಿದರೆ ಮೇಲಿನಿಂದಲೇ ಕೂಗಿ ಹೇಳುತ್ತಾರೆ.